ಕೊಡಗಿನ ಪಂದಿ, ಆಂಡಿಸ್‌ನ ಕುಚಿ

ಸಂಕ್ರಾಂತಿ ಕಳೆದು ಬಿಸಿಲು ಬಲಿಯತೊಡಗಿತೆಂದರೆ ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ, ಬ್ಯಾಹಟ್ಟಿ ಸುತ್ತಲಿನ ಎರೆಸೀಮೆಯಲ್ಲಿ ಕಣಗಳು ಕೆಂಪಾಗುತ್ತವೆ. ಹರವಿದ ಮೆಣಸಿನಕಾಯಿಯ ಘಾಟು ಗಾಳಿ ಹಿಡಿದು ಊರೊಳಗೂ ಬರುತ್ತದೆ. ಸುಕ್ಕುಗಟ್ಟಿದ ಬ್ಯಾಡಗಿ ಕಾಯಿಯೊಂದನ್ನು ಮುರಿದು ಬೆರಳಲ್ಲಿ ತಿಕ್ಕಿದರೆ ಬಣ್ಣ ಕೈಗೆ ಕಚ್ಚುತ್ತದೆ. ನಾಲಿಗೆಗೆ ತಾಗಿಸಿದರೆ ಖಾರ ಮಾತ್ರ ಮೆತ್ತಗೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇದು ನಮ್ಮ ಮಣ್ಣಿನದೇ ಎಂಬುದರಲ್ಲಿ ಈ ಕಡೆ ಯಾರಿಗೂ ಅನುಮಾನವಿಲ್ಲ. ಆದರೂ ಈ ಬೆಳೆಯ ಬಳಗದ ತವರು ಸಾವಿರಾರು ಮೈಲಿ ದೂರದ ಅಮೆರಿಕ ಖಂಡ. ಪಕ್ಕದ ಹೊಲದ ಗೋವಿನಜೋಳದ್ದೂ ಅದೇ ಕತೆ. ಧಾರವಾಡದವರು ಬಟಾಟಿ ಎನ್ನುವ ಆಲೂಗಡ್ಡೆ ಆಂಡಿಸ್ ಪರ್ವತದ ಕೂಸು. ಬಟಾಟಿ ಎಂಬ ಮಾತು ಕೂಡ ಕೆರಿಬಿಯನ್ ದ್ವೀಪದ ಮೂಲನಿವಾಸಿಗಳ ಬಾಯಿಂದ ಹೊರಟು, ಪೋರ್ತುಗೀಸರ ನಾಲಿಗೆ ದಾಟಿ ಇಲ್ಲಿಗೆ ಬಂದದ್ದು.

ಆ ಆಂಡಿಸ್ ಪರ್ವತದ ಮಡಿಲಲ್ಲಿ ಎಕ್ವಡಾರ್ ಎಂಬ ಚಿಕ್ಕ ದೇಶವಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಭೂಮಧ್ಯರೇಖೆ ಎಂದೇ ಅರ್ಥ. ರಾಜಧಾನಿ ಕೀಟೊ ಇರುವುದು ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಇನ್ನೂ ಒಂಬೈನೂರು ಮೀಟರ್ ಏರಿದರೆ ಆ ಊರಿನ ಬೀದಿ ಸಿಕ್ಕೀತು. ಅಲ್ಲಿನ ಬೆಟ್ಟದ ಊರುಗಳಲ್ಲಿ ಮನೆಮಂದಿ ಕೂಡಿ ಉಣ್ಣುವ ದಿನದ ಅಡುಗೆಗಳಲ್ಲಿ ಒಂದು, ಹಂದಿಮಾಂಸದ ಫ್ರಿತಾದ. ಅದರ ಅಣ್ಣನಂಥ ಇನ್ನೊಂದು ಅಡುಗೆ ಒರ್ನಾದೊ. ಮಸಾಲೆ ಮೆತ್ತಿದ ಇಡೀ ಹಂದಿಯನ್ನು ಗೂಡು ಒಲೆಯಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಕೀಟೊ ಪಕ್ಕದ ಸಾಂಗೊಲ್ಕಿ ಪಟ್ಟಣ, ದಕ್ಷಿಣಕ್ಕಿರುವ ರಿಯೊಬಾಂಬಾದ ಲಾ ಮೆರ್ಸೆದ್ ಮಾರುಕಟ್ಟೆ ಎರಡೂ ಒರ್ನಾದೊಗೆ ಹೆಸರಾದವು. ಅದು ಸಂತೆಯ ಅಡುಗೆ, ಮನೆಯ ಒಲೆಗೆ ಒಗ್ಗದು. ಮನೆಯದು ಫ್ರಿತಾದವೇ.

ಫ್ರಿತಾದ ಎಂದರೆ ಕರಿದದ್ದು. ಆದರೆ ಕರಿಯುವುದಕ್ಕೆಂದು ಹೊರಗಿನಿಂದ ಎಣ್ಣೆ ಸುರಿಯುವುದಿಲ್ಲ. ಪೈಲಾ ಎಂಬ ಅಗಲ ಬಾಯಿಯ ಲೋಹದ ಪಾತ್ರೆಯಲ್ಲಿ, ನಮ್ಮ ಆಲೆಮನೆಯ ಕೊಪ್ಪರಿಗೆಯ ತಮ್ಮನೆನ್ನಬಹುದಾದ ಪಾತ್ರೆಯಲ್ಲಿ, ಕೊಬ್ಬಿನ ಸಮೇತ ಮಾಂಸದ ತುಂಡುಗಳನ್ನು ಹಾಕಿ, ಬೆಳ್ಳುಳ್ಳಿ, ಈರುಳ್ಳಿ, ಜೀರಿಗೆ, ಉಪ್ಪು ಕೂಡಿಸಿ ನೀರಲ್ಲಿ ಬೇಯಲು ಬಿಡುತ್ತಾರೆ. ಕೆಲವರು ಕಿತ್ತಳೆ ರಸ ಹಾಕುತ್ತಾರೆ, ಕೆಲವರು ಬಿಯರ್ ಸುರಿಯುತ್ತಾರೆ. ನೀರು ಕುದಿದು ಕುದಿದು ಆರುತ್ತದೆ. ಅಷ್ಟು ಹೊತ್ತಿಗೆ ಮಾಂಸ ಬೆಂದಿರುತ್ತದೆ, ಕೊಬ್ಬು ಕರಗಿ ತಳದಲ್ಲಿ ನಿಂತಿರುತ್ತದೆ. ಆಮೇಲೆ ಮಾಂಸ ತನ್ನ ಕೊಬ್ಬಿನಲ್ಲಿ ತಾನೇ ಕರಿಯಲ್ಪಡುತ್ತದೆ.

ಇದರಲ್ಲಿರುವ ಲೆಕ್ಕ ತಿಳಿದುಕೊಳ್ಳುವಂಥದು. ಪಾತ್ರೆಯಲ್ಲಿ ನೀರಿರುವ ತನಕ ಅದರೊಳಗಿನ ಬಿಸಿ ನೀರಿನ ಕುದಿಬಿಂದುವನ್ನು ದಾಟಲಾರದು. ಸಮುದ್ರದಂಡೆಯಲ್ಲಿ ಅದು 100 ಡಿಗ್ರಿ. ಹುಬ್ಬಳ್ಳಿಯಲ್ಲಿ 98ರ ಆಸುಪಾಸು. ಕೀಟೊದಲ್ಲಿ 90ನ್ನು ದಾಟಿದರೆ ಹೆಚ್ಚು. ಹೀಗಾಗಿ ಅಲ್ಲಿ ಬೇಳೆಯಾಗಲಿ ಮಾಂಸವಾಗಲಿ ಬೇಯಲು ಹೊತ್ತು ಹಿಡಿಯುತ್ತದೆ, ಅವಸರ ಸಲ್ಲದು. ಈ ಮೆಲ್ಲನೆಯ ಬೇಯುವಿಕೆಯಲ್ಲೇ ಚರ್ಮದ, ನರದ ಗಟ್ಟಿತನ ಕರಗಿ ಮೆತ್ತಗಾಗುವುದು. ನೀರು ಪೂರ್ತಿ ಆರಿದ ಮೇಲೆ ಕೊಬ್ಬಿನ ಬಿಸಿ 140 ಡಿಗ್ರಿಯನ್ನೂ ಮೀರಿ ಏರುತ್ತದೆ, ಮಾಂಸಕ್ಕೆ ಕಂದು ಬಣ್ಣ, ಹುರಿದ ಘಮ ಬರುವುದು ಆವಾಗಲೇ. ಕಿವಿಗೊಟ್ಟರೆ ಸಾಕು: ಕುದಿಯುವ ಕೊತಕೊತ ಸದ್ದು ಹೋಗಿ ಚಿಟಿಚಿಟಿ ಸದ್ದು ಶುರುವಾದರೆ ನೀರು ಮುಗಿದಿದೆ. ಅಲ್ಲಿಂದ ಮುಂದೆ ಸೌಟು ಹಿಡಿದು ನಿಲ್ಲಬೇಕು.

ಇಷ್ಟೆಲ್ಲ ಆದರೂ ಹಂದಿ ಆ ನೆಲದ ಪ್ರಾಣಿಯಲ್ಲ. 1493ರಲ್ಲಿ ಕೊಲಂಬಸ್ ಎರಡನೇ ಸಲ ಹೊರಟಾಗ ಕನೇರಿ ದ್ವೀಪಗಳ ಗೊಮೆರಾದಲ್ಲಿ ಎಂಟು ಹಂದಿಗಳನ್ನು ಹಡಗಿಗೆ ಹತ್ತಿಸಿಕೊಂಡ ಎಂದು ಲಾಸ್ ಕಾಸಾಸ್ ಎಂಬ ಪಾದ್ರಿ ಬರೆದಿಟ್ಟಿದ್ದಾನೆ. ಅಮೆರಿಕದಲ್ಲಿ ಹಂದಿ ಸಾಕಣೆ ಶುರುವಾದದ್ದು ಅಲ್ಲಿಂದ. 1534ರಲ್ಲಿ ಸ್ಪೇನಿನವರು ಕೀಟೊದಲ್ಲಿ ನೆಲೆ ನಿಂತರು; ಹಂದಿ, ಜೀರಿಗೆ, ಬೆಳ್ಳುಳ್ಳಿ, ಕಿತ್ತಳೆ ಎಲ್ಲವೂ ಅವರ ಬೆನ್ನಿಗೆ ಬೆಟ್ಟ ಹತ್ತಿದವು. ಅಲ್ಲಿನ ಮೂಲನಿವಾಸಿಗಳ ಕಿಚ್ವಾ ಭಾಷೆಯಲ್ಲಿ ಹಂದಿಗೆ ಕುಚಿ ಎನ್ನುತ್ತಾರೆ. ಅದು ಸ್ಪ್ಯಾನಿಷ್‌ನ ಕೊಚೀನೊ ಎಂಬ ಪದ ಸವೆದು ಆದದ್ದು. ಪ್ರಾಣಿ ಹೊರಗಿನದು, ಹೆಸರೂ ಹೊರಗಿನದೇ. ಮೆಣಸಿನಕಾಯಿಗೆ ಮಾತ್ರ ಅವರದೇ ಹಳೆಯ ಪದವಿದೆ, ಉಚು ಎಂದು.

ಕನ್ನಡಕ್ಕೆ ಬಂದರೆ ಇದು ತಿರುಗುಮುರುಗು. ಹಂದಿ ನಮ್ಮ ಅಚ್ಚಗನ್ನಡದ ಮಾತು. ಹಳಗನ್ನಡದಲ್ಲಿ ಅದು ಪಂದಿ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪೂ ಹೂವಾದಂತೆ ಪಂದಿ ಹಂದಿಯಾಯಿತು. ತುಳುವರು ಪಂಜಿ ಎನ್ನುತ್ತಾರೆ, ತಮಿಳರಲ್ಲೂ ಇದರ ಒಡಹುಟ್ಟಿನ ಪದವಿದೆ. ಮೆಣಸಿನಕಾಯಿಗೋ ಸ್ವಂತದ ಹೆಸರೇ ಇಲ್ಲ! ಮೊದಲೇ ಇದ್ದ ಕಾಳುಮೆಣಸಿನ ಹೆಸರಿಗೆ ಕಾಯಿ ಸೇರಿಸಿ ಕರೆದೆವು. ಅಲ್ಲಿಗೆ ಹಂದಿ ಹೋಯಿತು, ಇಲ್ಲಿಗೆ ಮೆಣಸಿನಕಾಯಿ ಬಂತು. ಎರಡೂ ಒಂದೇ ಕಾಲದ ಹಡಗುಗಳ ಕೆಲಸ. ಎಕ್ವಡಾರಿನ ಅಡುಗೆಯ ಬಗ್ಗೆ ಸುಳ್ಳದಲ್ಲಿ ಕೂತು ಮಾತಾಡುವುದಕ್ಕೆ ಇದಕ್ಕಿಂತ ಬೇರೆ ನೆಪ ಬೇಡ.

ಪಂದಿ ಎಂಬ ಹಳೆಯ ಉಚ್ಚಾರವನ್ನು ಇಂದಿಗೂ ನಾಲಿಗೆಯ ಮೇಲೆ ಉಳಿಸಿಕೊಂಡವರು ಕೊಡವರು. ಅವರ ಪಂದಿ ಕರಿ ಕರ್ನಾಟಕದ ಹಂದಿಮಾಂಸದ ಅಡುಗೆಗಳಲ್ಲೆಲ್ಲ ಹೆಚ್ಚು ಹೆಸರು ಪಡೆದದ್ದು, ಫ್ರಿತಾದಕ್ಕೆ ಹತ್ತಿರದ ನಂಟನೂ ಹೌದು. ಸೆಪ್ಟೆಂಬರ್ ಮೊದಲ ವಾರದಲ್ಲಿ, ನಾಟಿ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಒರೆಸಿಟ್ಟು ತೋಕ್‌ಪೂ ಎಂಬ ಬೆಂಕಿಬಣ್ಣದ ಕಾಡುಹೂ ಏರಿಸಿ ಪೂಜಿಸುತ್ತಾರೆ. ಅಂದಿನ ಊಟಕ್ಕೆ ಪಂದಿ ಕರಿ, ಜೊತೆಗೆ ಅಕ್ಕಿತರಿಯ ಉಂಡೆ ಕಡಂಬುಟ್ಟು. ಹಿಂದೆ ಅದು ಬೇಟೆಯ ಮಾಂಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಹಂದಿ ಹೊಡೆಯುವುದು ಅಪರಾಧ. ಈಗ ಪಾತ್ರೆಗೆ ಬೀಳುವುದು ಸಾಕಿದ ಹಂದಿ.

ಪಂದಿ ಕರಿಯ ಜೀವ ಇರುವುದು ಕಾಚಂಪುಳಿ ಎಂಬ ಹುಳಿರಸದಲ್ಲಿ. ಮಳೆಗಾಲದಲ್ಲಿ ಹಣ್ಣಾಗಿ ಮರದಡಿ ಉದುರಿದ ಕಾಯಿಗಳನ್ನು ಆಯ್ದು ತಂದು ಬಿದಿರ ಬುಟ್ಟಿಯಲ್ಲಿ ಪೇರಿಸುತ್ತಾರೆ. ಹಣ್ಣು ಕೊಳೆಯುತ್ತ ರಸ ಬಿಟ್ಟು ಕೆಳಗಿಟ್ಟ ಪಾತ್ರೆಗೆ ತೊಟ್ಟಿಕ್ಕುತ್ತದೆ. ಆ ರಸವನ್ನು ಸೌದೆ ಒಲೆಯ ಮೇಲಿಟ್ಟು, ಇಂಗಿ ಇಂಗಿ ಕಾಕಂಬಿಯಂತೆ ಮಂದವಾಗಿ ಕರ್ರಗಾಗುವವರೆಗೆ ಕಾಯಿಸುತ್ತಾರೆ. ಸೀಸೆಗೆ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು. ಒಂದು ಚಮಚ ಹೆಚ್ಚಾದರೆ ಹಲ್ಲು ಜುಂ ಎನ್ನುತ್ತದೆ, ಕಡಿಮೆಯಾದರೆ ಕೊಬ್ಬಿನ ಜಿಡ್ಡು ನಾಲಿಗೆಗೆ ಅಂಟಿಕೊಂಡೇ ಇರುತ್ತದೆ. ಪಟ್ಟಣಗಳಲ್ಲಿ ಕಾಚಂಪುಳಿಯ ಬದಲು ಮಾಮೂಲಿ ವಿನೆಗರ್ ಸುರಿದು, ಮೇಲೆ ಎಣ್ಣೆ ತೇಲಿಸಿ ಪಂದಿ ಕರಿ ಎಂದು ಬಡಿಸುವುದುಂಟು. ಅದನ್ನು ಉಂಡು ಇದಿಷ್ಟೇನಾ ಎಂದವರಿಗೆ ನಿಜವಾದ ಪಂದಿ ಕರಿ ಇನ್ನೂ ಸಿಕ್ಕಿಲ್ಲ ಎಂದೇ ಅರ್ಥ.

ಮನೆಯಲ್ಲಿ ಮಾಡುವ ಬಗೆ ಹೀಗೆ. ಒಂದು ಕಿಲೊ ಮಾಂಸ. ಚರ್ಮ, ಕೊಬ್ಬು ಎರಡೂ ಇರಲೇಬೇಕು. ಅಂಗುಲದಷ್ಟರ ತುಂಡು ಮಾಡಿ ಉಪ್ಪು, ಅರಿಸಿನ ಸವರಿ, ಜಜ್ಜಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಕಲಸಿ ದಪ್ಪ ತಳದ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿಡುವುದು. ಎಣ್ಣೆ ಬೇಡ. ಮಾಂಸ ತಾನೇ ನೀರು ಬಿಡುತ್ತದೆ, ಆಮೇಲೆ ಕೊಬ್ಬು ಬಿಡುತ್ತದೆ. ಬೇಕಾದರೆ ಒಂದಿಷ್ಟು ಬಿಸಿನೀರು. ಅದು ಬೇಯುವಷ್ಟರಲ್ಲಿ ಇನ್ನೊಂದು ಒಲೆಯ ಮೇಲೆ ಕಬ್ಬಿಣದ ಬಾಣಲೆಯಿಟ್ಟು ಮಸಾಲೆ ಹುರಿಯಬೇಕು: ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ (ಧಾರವಾಡದ ಅಡುಗೆಮನೆಯಲ್ಲಿ ಹವೀಜ), ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ, ಹತ್ತಾರು ಕಾಳು ಮೆಂತ್ಯ. ಬೇರೆ ಸಾರಿಗೆ ಹುರಿದಂತೆ ಘಮ ಬಂದ ಕೂಡಲೇ ಇಳಿಸಿದರೆ ಸಾಲದು. ಬಣ್ಣ ಕಾಫಿಬೀಜದಂತೆ ಆಗುವ ತನಕ, ಹೊಗೆಯಾಡಲು ಇನ್ನೇನು ಹೊರಟಿತು ಎನ್ನುವ ತನಕ ಕೈಯಾಡಿಸಬೇಕು. ಅದರಿಂದಾಚೆ ಒಂದು ನಿಮಿಷ ಮೈಮರೆತರೆ ಮೆಂತ್ಯ ಸೀದು ಇಡೀ ಪಾತ್ರೆ ಕಹಿ. ಹುರಿದದ್ದನ್ನು ಪುಡಿ ಮಾಡಿಟ್ಟುಕೊಂಡು, ಮಾಂಸ ಮುಕ್ಕಾಲು ಬೆಂದಾಗ ಆ ಪುಡಿ, ಪೂರ್ತಿ ಬೆಂದಮೇಲೆ ಕಾಚಂಪುಳಿ ಒಂದೆರಡು ಚಮಚ, ಮತ್ತೆ ಹತ್ತು ನಿಮಿಷ ಉರಿ. ಒಳ್ಳೆಯ ಪಂದಿ ಕರಿ ಕರ್ರಗಿರುತ್ತದೆ. ಆ ಕಪ್ಪು ಹುರಿದ ಮಸಾಲೆಯದು, ಕಾಚಂಪುಳಿಯದು. ಖಾರದ ಮುಂದಾಳು ಇಲ್ಲಿ ಕಾಳುಮೆಣಸೇ. ಹಡಗಿನಲ್ಲಿ ಬಂದ ಕಾಯಿ ಇಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದೆ.

ಕೊಡಗನ್ನು ಬಿಟ್ಟರೆ ಕರಾವಳಿ. ಮಂಗಳೂರಿನ ಕ್ರೈಸ್ತ ಮನೆಗಳ ಹಂದಿಮಾಂಸದ ಅಡುಗೆ ದುಕ್ರಾಮಾಸ್‌ಗೆ ಬಾಫಾತ್ ಪುಡಿ, ವಿನೆಗರ್ ಬಿದ್ದರೆ ಪಕ್ಕದಲ್ಲಿ ಇಡ್ಲಿಯಂಥ ಸಾನ್ನಾಂ ಇರಲೇಬೇಕು. ಗೋವೆಯ ವಿಂದಾಲೂ ಹೆಸರು ಹುಟ್ಟಿದ್ದು ಪೋರ್ತುಗೀಸರ ದ್ರಾಕ್ಷಾರಸ, ಬೆಳ್ಳುಳ್ಳಿ ಎಂಬೆರಡು ಪದಗಳಿಂದ. ಹುಳಿ, ಬೆಳ್ಳುಳ್ಳಿಯಲ್ಲಿ ಮಾಂಸ ನೆನೆಸುವ ಅದೇ ಐಬೀರಿಯಾದ ರೂಢಿ ಅತ್ತ ಅಟ್ಲಾಂಟಿಕ್ ದಾಟಿ ಆಂಡಿಸ್‌ನ ಅಡುಗೆಮನೆಯನ್ನೂ ಹೊಕ್ಕಿತ್ತು.

ಇದೆಲ್ಲ ಕೊಡಗು, ಕರಾವಳಿಯ ಮಾತಾಯಿತು, ಬಯಲುಸೀಮೆಗೇನು ಸಂಬಂಧ ಎನ್ನುವವರು ಕಲ್ಯಾಣದ ಚಾಲುಕ್ಯರನ್ನು ನೆನೆಯಬೇಕು. ಹುಬ್ಬಳ್ಳಿ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಅವರ ಕಾಲದ್ದು. ಆ ವಂಶದ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ, 1129ರ ಸುಮಾರಿಗೆ, ಸಂಸ್ಕೃತದಲ್ಲಿ ಮಾನಸೋಲ್ಲಾಸ ಎಂಬ ಗ್ರಂಥ ರಚಿಸಿದ. ನೂರು ಅಧ್ಯಾಯಗಳ ಆ ಗ್ರಂಥದ ಅನ್ನಭೋಗದ ಭಾಗದಲ್ಲಿ ಹಂದಿಮಾಂಸದ ಪಾಕವಿದೆ. ಹಂದಿಯ ಮೈಮೇಲೆ ಬಟ್ಟೆ ಹೊದಿಸಿ ಕುದಿನೀರು ಸುರಿದು ರೋಮ ಸಡಿಲಿಸುವುದು, ಇಲ್ಲವೇ ಮಣ್ಣು ಬಳಿದು ಹುಲ್ಲಿನ ಬೆಂಕಿಯಲ್ಲಿ ಸುಡುವುದು, ಬಳಿಕ ಮಾಂಸವನ್ನು ಬೆಂಕಿಯಲ್ಲಿ ಬೇಯಿಸಿ ತಾಳೆಗರಿಯ ಹಾಗೆ ಸೀಳಿ ಹುಳಿ, ಮಸಾಲೆ ಕೂಡಿಸುವುದು. ಅಡುಗೆಯವನ ಪಕ್ಕದಲ್ಲಿ ನಿಂತು ನೋಡಿದವನ ಬರಹವಿದು. ಗಮನಿಸಿ, ಚಾಲುಕ್ಯರ ರಾಜಲಾಂಛನವೇ ವರಾಹ. ಧ್ವಜದ ಮೇಲೆ ವರಾಹ, ಪಾಕಶಾಲೆಯಲ್ಲಿ ವರಾಹ, ಎರಡಕ್ಕೂ ಆ ಅರಸ ಸಂಕೋಚಪಟ್ಟಿಲ್ಲ. ಮುಂದೆ 16ನೇ ಶತಮಾನದಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ ಸೂಪಶಾಸ್ತ್ರ ಬರೆದ. ಆತ ಜೈನ ಕವಿ, ಆತನ ಪಾಕವೆಲ್ಲ ಸಸ್ಯಾಹಾರದ್ದು, ಅದು ಸಹಜವೇ. ಆದರೆ ಅಲ್ಲಿಂದೀಚೆಗೆ ಕನ್ನಡದ ಅಡುಗೆ ಪುಸ್ತಕಗಳಲ್ಲಿ ಹಂದಿಮಾಂಸ ಕಾಣಿಸುವುದೇ ಅಪರೂಪ. ಬಯಲುಸೀಮೆಯಲ್ಲಿ ತಲೆಮಾರುಗಳಿಂದ ಹಂದಿ ಸಾಕಿ ಬದುಕಿದ ಹಂದಿಜೋಗಿ, ಕೊರಮ, ಕೊರಚ ಮನೆಗಳಿವೆ. ಯಾವ ತುಂಡು ಯಾವುದಕ್ಕೆ, ಎಷ್ಟು ಉರಿ, ಕರಗಿದ ಕೊಬ್ಬನ್ನು ಹೇಗೆ ಇಡಬೇಕು ಎಂಬ ಅವರ ತಿಳಿವಳಿಕೆಯನ್ನು ಹೋಗಿ ಕೂತು ಕೇಳಿ ಬರೆದುಕೊಳ್ಳುವ ಕೆಲಸ ಯಾರಾದರೂ ಬೇಗ ಮಾಡಬೇಕು. ಅರಸನ ಒಲೆಯ ವಿವರ ಒಂಬೈನೂರು ವರ್ಷ ಉಳಿದಿರುವಾಗ ಪಕ್ಕದ ಓಣಿಯ ಒಲೆಯ ವಿವರ ಕಳೆದುಹೋಗುವುದು ಅನ್ಯಾಯ.

ಹುಬ್ಬಳ್ಳಿ-ಧಾರವಾಡದಲ್ಲಿ ಹಂದಿ ಎಂದೊಡನೆ ಕಣ್ಣಿಗೆ ಕಟ್ಟುವುದು ಚರಂಡಿ ಬದಿಯ ಹಂದಿ. ಅದರ ಭಯಕ್ಕೆ ಕಾರಣವೂ ಇದೆ. ಬಯಲಿನಲ್ಲಿ ಮೇಯ್ದ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಕೋಶಗಳಿರಬಹುದು. ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡರೆ ಆ ಮಾಂಸ ಕೊಳ್ಳಲೇಬಾರದು. ಅರೆಬೆಂದದ್ದನ್ನು ತಿಂದರೆ ಹುಳು ಕರುಳಲ್ಲಿ ಬೆಳೆಯುತ್ತದೆ. ಆ ಹುಳುವಿನ ಮೊಟ್ಟೆ ಮಲದ ಮೂಲಕ ಮಣ್ಣು, ನೀರು, ಸೊಪ್ಪಿಗೆ ಸೇರಿ ಇನ್ನೊಬ್ಬರ ಬಾಯಿಗೆ ಹೋದರೆ ಮಿದುಳಿನಲ್ಲಿ ಕೋಶ ಕಟ್ಟಿ ಮೂರ್ಛೆರೋಗ ತರಬಹುದು. ಹಾಗಾಗಿ ಹಂದಿಮಾಂಸ ಮುಟ್ಟದವರಿಗೂ ಈ ರೋಗ ಬರುವುದುಂಟು. ಶೌಚಾಲಯ, ಕೈತೊಳೆಯುವ ರೂಢಿ, ತೊಳೆದ ಸೊಪ್ಪು ಎಲ್ಲರಿಗೂ ಬೇಕಾದದ್ದು. ಎಕ್ವಡಾರಿನ ಹಳ್ಳಿಗಳೂ ಇದೇ ರೋಗದಿಂದ ಬಹಳ ನರಳಿವೆ. ದೊಡ್ಡಿಯಲ್ಲಿ ಕಟ್ಟಿ, ತಿಂಡಿ ಹಾಕಿ ಸಾಕಿದ ಯಾರ್ಕ್‌ಶೈರ್ ತಳಿಯ ಹಂದಿಯ ಮಾಂಸವನ್ನು ಗುರುತಿನ ಅಂಗಡಿಯಲ್ಲಿ ಕೊಂಡು, ಒಳಗೆ ಎಲ್ಲೂ ನಸುಗೆಂಪು ಉಳಿಯದಂತೆ ಬೇಯಿಸಿದರೆ ಅಂಜಿಕೆಯಿಲ್ಲ. ಗಂಟೆಗಟ್ಟಲೆ ಬೇಯುವ ಫ್ರಿತಾದ, ಪಂದಿ ಕರಿ ಎರಡೂ ಈ ವಿಷಯದಲ್ಲಿ ಗಟ್ಟಿ.

ಹಾಗಾದರೆ ಸುಳ್ಳದ ಮನೆಯೊಂದರಲ್ಲಿ ಫ್ರಿತಾದ ಮಾಡಬಹುದೇ? ಮಾಂಸದ ಅಡುಗೆ ನಡೆಯುವ ಮನೆಯಾದರೆ ಖಂಡಿತ. ಸಾಮಾನೆಲ್ಲ ಎದುರಿಗೇ ಇದೆ. ಒಂದು ಕಿಲೊ ಕೊಬ್ಬಿರುವ ಮಾಂಸ, ಜಜ್ಜಿದ ಬೆಳ್ಳುಳ್ಳಿ ಎಂಟು-ಹತ್ತು ಎಸಳು, ಒಂದು ಉಳ್ಳಾಗಡ್ಡಿ, ಒಂದು ಚಮಚ ಜೀರಿಗೆ ಪುಡಿ, ಉಪ್ಪು, ಮಾಂಸ ಮುಳುಗುವಷ್ಟು ನೀರು. ಚಳಿಗಾಲವಾದರೆ ಕೊಡಗಿನ ಕಿತ್ತಳೆಯ ರಸ ಅರ್ಧ ಬಟ್ಟಲು. ಅಗಲ ಬಾಯಿಯ ಪಾತೇಲಿಯಲ್ಲಿ, ಮುಚ್ಚಳ ತೆಗೆದಿಟ್ಟು ಬೇಯಿಸಬೇಕು. ಕುಕ್ಕರಿನಲ್ಲಿ ನೀರು ಆರದು, ಫ್ರಿತಾದವೂ ಆಗದು. ಎಕ್ವಡಾರಿನವರು ಕೆಂಬಣ್ಣಕ್ಕೆ ಅಚಿಯೋಟೆ ಎಂಬ ಬೀಜ ಬಳಸುತ್ತಾರೆ, ಅದಕ್ಕೆ ಬಣ್ಣವಿದೆ, ಖಾರವಿಲ್ಲ. ಬ್ಯಾಡಗಿಯ ಗುಣವೂ ಹೆಚ್ಚುಕಡಿಮೆ ಅದೇ. ಎರಡು ಕಾಯಿಯ ಬೀಜ ತೆಗೆದು ಕರಗಿದ ಕೊಬ್ಬಿನಲ್ಲಿ ಒಂದು ನಿಮಿಷ ಬಿಟ್ಟು ಎತ್ತಿದರೆ ಸಾಕು, ಬಟಾಟಿಯ ಯಪಿಂಗಾಚೊಗೆ ಬೇಕಾದ ಕೆಂಪು ಸಿಕ್ಕಿತು. ಬೇಯಿಸಿ ಹಿಸುಕಿದ ಬಟಾಟಿಯ ಉಂಡೆಯೊಳಗೆ ಚೀಸ್ ಇಟ್ಟು, ತಟ್ಟಿ, ಹೆಂಚಿನ ಮೇಲೆ ಈ ಕೆಂಪು ಜಿಡ್ಡು ಸವರಿ ಎರಡೂ ಬದಿ ಕಾಯಿಸುವ ತಿನಿಸದು. ಜೊತೆಗೆ ಕೊಡುವ ಈರುಳ್ಳಿ, ಟೊಮೆಟೊ, ನಿಂಬೆರಸದ ಕಲಸು ನಮ್ಮ ಖಾನಾವಳಿಗಳಲ್ಲಿ ರೊಟ್ಟಿಯ ಪಕ್ಕ ಬಂದು ಕೂರುವ ಉಳ್ಳಾಗಡ್ಡಿ-ನಿಂಬೆಯ ಸೋದರ.

ಕಾಚಂಪುಳಿ ಸಿಗದವರಿಗೂ ದಾರಿ ಹತ್ತಿರದಲ್ಲೇ ಇದೆ. ಕಾಚಂಪುಳಿಯ ಹಣ್ಣು ಉತ್ತರ ಕನ್ನಡದಲ್ಲಿ ಉಪ್ಪಾಗೆ ಎಂಬ ಹೆಸರಿನಲ್ಲಿ ಬೆಳೆಯುವ ಮರದ್ದೇ. ಶಿರಸಿ, ಸಿದ್ದಾಪುರದ ಕಡೆ ಅದರ ಸಿಪ್ಪೆ ಒಣಗಿಸಿಡುತ್ತಾರೆ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ತೂಕ ಇಳಿಸುವ ಔಷಧಿಗೆಂದು 1990ರ ದಶಕದಲ್ಲಿ ಈ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದು ಕಾಡಿನ ಮರಗಳ ಮೇಲೆ ಕೈಯಿಟ್ಟವರೇ ಹೆಚ್ಚಾಗಿದ್ದರು. ನಾಲ್ಕು ಒಣಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಸಿ, ಕಿವುಚಿ, ಆ ನೀರನ್ನು ಕುದಿಸಿ ಇಂಗಿಸಿದರೆ ಕಾಚಂಪುಳಿಯ ಆಳವಿಲ್ಲದಿದ್ದರೂ ಅದೇ ಕುಲದ ಹುಳಿ ಕೈಗೆ ಬರುತ್ತದೆ. ವಿನೆಗರಿಗಿಂತ ಇದು ಎಷ್ಟೋ ಮೇಲು.

ಕಡಂಬುಟ್ಟಿಗೆ ಅಕ್ಕಿತರಿ ಬೇಕು. ಜೋಳದ ಸೀಮೆಯವರು ಬಿಸಿ ಜೋಳದ ರೊಟ್ಟಿ ಮುರಿದು ಆ ಕಪ್ಪು ಗಸಿಯಲ್ಲಿ ಅದ್ದಿ ನೋಡಬೇಕು. ರೊಟ್ಟಿಯ ಸಪ್ಪೆ ಸಿಹಿ ಕಾಚಂಪುಳಿಯ ಹುಳಿಯನ್ನು ಅನ್ನಕ್ಕಿಂತ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಎಕ್ವಡಾರಿನವರದು ಗೋವಿನಜೋಳದ ಊಟ. ದೊಡ್ಡ ಕಾಳಿನ ಬಿಳಿ ಗೋವಿನಜೋಳವನ್ನು ಬೂದಿ ಇಲ್ಲವೇ ಸುಣ್ಣದ ನೀರಲ್ಲಿ ಕುದಿಸಿ ಸಿಪ್ಪೆ ಬಿಡಿಸಿ, ಮತ್ತೆ ಮೆತ್ತಗೆ ಬೇಯಿಸಿದ್ದಕ್ಕೆ ಮೋತೆ ಎನ್ನುತ್ತಾರೆ. ಫ್ರಿತಾದದ ತುಂಡುಗಳನ್ನೆಲ್ಲ ಎತ್ತಿದ ಮೇಲೆ ಪೈಲಾದ ತಳದಲ್ಲಿ ಒಂದಿಷ್ಟು ಕರಗಿದ ಕೊಬ್ಬು, ಅದರಲ್ಲಿ ಮುರಿದು ಬಿದ್ದ ಮಾಂಸದ ಕಂದು ಚೂರು ಉಳಿಯುತ್ತವೆ. ಅದಕ್ಕೆ ಮಾಪಾವಿರಾ ಎಂದು ಹೆಸರು. ಪಾತ್ರೆ ತೊಳೆಯುವ ಮೊದಲು ಬೇಯಿಸಿದ ಗೋವಿನಜೋಳದ ಕಾಳು ಎರಡು ಹಿಡಿ ಅದರಲ್ಲಿ ಸುರಿದು, ಉರಿ ಸಣ್ಣ ಮಾಡಿ, ತಳ ಕೆರೆದು ಕೆರೆದು ಹೊರಳಿಸುತ್ತಾರೆ. ಕಾಳಿನ ಮೈಗೆಲ್ಲ ಕಂದು ಹತ್ತುತ್ತದೆ. ಒಲೆಯ ಸುತ್ತ ಕೂತ ಮಕ್ಕಳು ಕಾಯುವುದು ಅದಕ್ಕೇ.